ಅಧಿಕ ಜ್ಯೇಷ್ಠ ಮತ್ತು ಇಟಲಿಯ ಕಾಗೆಗಳು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಪ್ರತಿ ಜನವರಿಯಲ್ಲೂ ಹೊಸದೊಂದು ಕನ್ನಡ ಕ್ಯಾಲೆಂಡರ್ ಬಂದು ನೇತಾಡತೊಡಗುತ್ತದೆ. ಮೈಸೂರಿನಿಂದ ಬರುವ ಯಾರದಾದರೂ ಸೂಟ್‌ಕೇಸಿನಲ್ಲಿ, ಚಟ್ನಿಪುಡಿಯ ಪೊಟ್ಟಣಕ್ಕೂ ಹಪ್ಪಳದ ಕಟ್ಟಿಗೂ ನಡುವೆ ಸುರುಳಿ ಸುತ್ತಿಕೊಂಡು ವಿಮಾನವೇರುವ ಅದು, ಸಿಂಗಾಪುರದ ಜುರಾಂಗ್ ವೆಸ್ಟಿನ ಹನ್ನೊಂದನೆಯ ಮಹಡಿ ತಲುಪಿದ ಮೇಲೂ ಒಂದು ವಾರ ತನ್ನ ಸುರುಳಿ ಬಿಡದೆ ಮುದುಡಿಕೊಂಡೇ ಇರುತ್ತದೆ. ಕಾಂಕ್ರೀಟ್ ಗೋಡೆಗೆ ಮೊಳೆ ಹೊಡೆಯುವುದು ನಮ್ಮಿಬ್ಬರಿಂದಲೂ ಆಗದ ಕೆಲಸವಾದ್ದರಿಂದ, ದುರಿಯನ್ ಹಣ್ಣಿನ ಆಕಾರದ ದಪ್ಪ ಮ್ಯಾಗ್ನೆಟ್ ಒಂದೇ ಅದಕ್ಕೆ ಆಧಾರ.

ಕ್ಯಾಲೆಂಡರಿನ ಒಡತಿ ನಮ್ಮ ಅತ್ತೆ. ಮಾವನವರು ತೀರಿಕೊಂಡ ಮರುವರ್ಷ ಇಲ್ಲಿಗೆ ಬಂದವರು ಅಂದಿನಿಂದ ನಮ್ಮೊಡನೆಯೇ ಇದ್ದಾರೆ. ದಿನಕ್ಕೊಂದು ಚೌಕವಿರುವ ಆ ಹಾಳೆಗಳಲ್ಲಿ ಅವರು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿಡುತ್ತಾರೆ: ‘ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸಿದ್ದು’, ‘ಮಂಡಿ ವಾಸಿ’, ‘ಎಂಟನೇ ಮಹಡಿ ಮಲಯ ಆಂಟಿ ಬಾಳೆಕಾಯಿ ಕೊಟ್ಟರು’. ನಮ್ಮ ಸಂಸಾರದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಈ ಹಳೆಯ ಹಾಳೆಗಳಿಗಿಂತ ಒಳ್ಳೆಯ ಆಕರ ಸಿಗಲಾರದು.

ಇನ್ನು ನನ್ನ ಕಥೆ. ನಾನು ಜುರಾಂಗ್ ಐಲ್ಯಾಂಡಿನ ಒಂದು ಕಾರ್ಖಾನೆಯಲ್ಲಿ ಶಟ್‌ಡೌನ್ ಪ್ಲ್ಯಾನರ್. ಹಾಗೆಂದರೇನೆಂದು ನನ್ನ ತವರಿನವರಿಗೆ ಇನ್ನೂ ಅರ್ಥವಾಗಿಲ್ಲ. ‘ಫ್ಯಾಕ್ಟರಿ ಮುಚ್ಚಿಸೋ ಕೆಲಸ’ ಎಂದು ನೆಂಟರಿಷ್ಟರಿಗೆ ಹೇಳಿ ಅವರನ್ನು ಗಾಬರಿಪಡಿಸುತ್ತಾರೆ. ನಿಮಗಾದರೂ ಬಿಡಿಸಿ ಹೇಳುತ್ತೇನೆ. ಹಗಲಿರುಳು ಓಡುವ ಕಾರ್ಖಾನೆಯನ್ನು ಆಗೊಮ್ಮೆ ಈಗೊಮ್ಮೆ ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡಿ, ಗೊತ್ತುಪಡಿಸಿದ ದಿನಕ್ಕೆ ಸರಿಯಾಗಿ ಮತ್ತೆ ಹೊತ್ತಿಸಬೇಕು. ಆ ಸಾವಿರಾರು ಕೆಲಸಗಳಲ್ಲಿ ಯಾವುದರ ಹಿಂದೆ ಯಾವುದು, ಯಾರು, ಎಷ್ಟು ಗಂಟೆ ಎಂಬುದನ್ನು ಉದ್ದುದ್ದ ಬಣ್ಣದ ಪಟ್ಟಿಗಳ ಚಾರ್ಟಿನಲ್ಲಿ ಹೊಂದಿಸುವವಳು ನಾನು. ಒಂದು ಕೆಲಸ ತುಸು ತಡವಾದರೂ ಉಳಿದದ್ದು ಕೆಡದಷ್ಟು ಸಡಿಲ ಬಿಟ್ಟಿರುತ್ತೇವೆ. ಅದಕ್ಕೆ ‘ಫ್ಲೋಟ್’ ಎನ್ನುತ್ತೇವೆ. ಈ ಕೆಲಸದ ದೆಸೆಯಿಂದ ಎಂಟು ವರ್ಷ ನಾವು ಒಟ್ಟಾಗಿ ಎಲ್ಲಿಗೂ ಹೋಗಿರಲಿಲ್ಲ. ರಜೆ ಕೇಳಿದಾಗಲೆಲ್ಲ ಒಂದು ಶಟ್‌ಡೌನ್ ಅಡ್ಡ ಬರುತ್ತಿತ್ತು. ಮಗಳು ಮೇಘನಾಗೆ ಹದಿಮೂರು ತುಂಬಿತ್ತು. ಇನ್ನೆರಡು ವರ್ಷ ಹೋದರೆ ನಮ್ಮೊಡನೆ ಬರಲು ಅವಳಿಗೇ ಮನಸ್ಸಿರುತ್ತದೋ ಇಲ್ಲವೋ ಎಂಬ ಭಯ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಹಾಗಿರುವಾಗ ಒಂದು ದಿನ ಕಂಪನಿ ಬಸ್ಸಿನ ಸೀಟಿನ ಜೇಬಿನಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೆಯ ಪ್ರವಾಸಿ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಇಟಲಿಯ ಒಂದು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಕೋಟೆಗೋಡೆ ಸುತ್ತಿಕೊಂಡು ಒತ್ತೊತ್ತಾಗಿ ಕುಳಿತ ಒಂದು ಊರು. ಅದರ ಕೆಳಗೆ ಆಲಿವ್ ತೋಪಿನ ನಡುವೆ, ಯಾರ ಗೊಡವೆಯೂ ಬೇಡವೆಂಬಂತೆ, ಕಲ್ಲಿನದೊಂದು ಸನ್ಯಾಸಿಗಳ ಮಠ. ನಾನು ದಿನವೂ ನೋಡುವುದು ಚಪ್ಪಟೆ ದ್ವೀಪ, ಪೈಪು, ಚಿಮಣಿ, ಮತ್ತೆ ಪೈಪು. ಆ ಚಿತ್ರವನ್ನು ದ್ವೀಪದ ಚೆಕ್‌ಪೋಸ್ಟ್ ಬರುವ ತನಕ ನೋಡುತ್ತಲೇ ಇದ್ದೆ, ಇಳಿಯುವಾಗ ಪತ್ರಿಕೆಯನ್ನು ನಾಚಿಕೆಯಿಲ್ಲದೆ ಬ್ಯಾಗಿಗೆ ಸೇರಿಸಿದೆ.

ಎರಡು ಸಾವಿರದ ಹದಿನೆಂಟನೆಯ ಇಸವಿ, ಫೆಬ್ರವರಿ. ಜೂನಿನ ಶಾಲಾ ರಜೆ, ಆಗಸ್ಟಿನಲ್ಲಿ ನನ್ನ ಮುಂದಿನ ಶಟ್‌ಡೌನ್. ನಡುವೆ ಕಿಂಡಿಯಂಥ ಹದಿಮೂರು ದಿನ. ಕುಳಿತೆ ನೋಡಿ ಚಾರ್ಟ್ ಹಾಕಲು! ಗೋಡೆಯೊಳಗೆ ಕಾರು ಬಿಡದ ಊರುಗಳೆಷ್ಟು, ಹೊರಗೆ ನಿಲ್ಲಿಸಿದ ಕಡೆಯಿಂದ ಹೆಬ್ಬಾಗಿಲಿಗೆ ಮೆಟ್ಟಿಲೆಷ್ಟು, ಅತ್ತೆಯ ಮಂಡಿಗೆ ಎಷ್ಟು ಮೆಟ್ಟಿಲಿಗೊಮ್ಮೆ ವಿಶ್ರಾಂತಿ, ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತು ಯಾವುದು, ಎಲ್ಲವೂ ಹದಿನೈದು ನಿಮಿಷದ ಪಟ್ಟಿಗಳಾಗಿ ನಿಂತವು. ಪತ್ರಿಕೆಯ ಆ ಮಠದಲ್ಲಿ ಅತಿಥಿಗಳಿಗೆ ನಾಲ್ಕು ಕೋಣೆಗಳಿವೆಯೆಂದು ತಿಳಿದು ಎರಡನ್ನು ಬುಕ್ ಮಾಡಿದೆ. ಮಠ ನೋಡಲು ನಲವತ್ತೈದು ನಿಮಿಷ ಕೊಟ್ಟೆ, ರಾತ್ರಿ ಮಲಗುವುದು, ಬೆಳಿಗ್ಗೆ ಎಂಟಕ್ಕೆ ಹೊರಡುವುದು. ನನ್ನ ಗಂಡ ಪ್ರಸನ್ನ ಒನ್-ನಾರ್ತ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಮನುಷ್ಯ. ಚಾರ್ಟ್ ನೋಡಿ, “ಕೆಮ್ಮೋದಕ್ಕೆ ಯಾವ ಸ್ಲಾಟ್ ಇಟ್ಟಿದೀಯ ಕಣೇ?” ಎಂದ. ಮೇಘನಾ, “ಅಮ್ಮಾ, ಹಾಲಿಡೇ ಲಾ, ಎಕ್ಸಾಮ್ ಅಲ್ಲ” ಎಂದಳು, ಇಲ್ಲಿನವರ ‘ಲಾ’ ಸೇರಿಸಿ. ಅತ್ತೆ ಮಾತ್ರ ಕನ್ನಡಕ ಏರಿಸಿಕೊಂಡು ಚಾರ್ಟನ್ನು ಬಹಳ ಹೊತ್ತು ನೋಡಿ ಒಳಗೆ ಹೋದರು.

ದಿನ ಗೊತ್ತುಮಾಡುವ ಮುನ್ನ ನಾನು ಒಂದು ವಿಷಯವನ್ನು ಮರೆಯದೆ ನೋಡಿದ್ದೆ ಎಂಬುದು ನಿಮಗೆ ತಿಳಿದಿರಲಿ. ಮಾವನವರ ಶ್ರಾದ್ಧ ಜ್ಯೇಷ್ಠ ಶುದ್ಧ ಪಂಚಮಿ. ಪ್ರಸನ್ನ ಒಬ್ಬನೇ ಮಗ. ಮಾಡುವವನು ಅವನು, ಆದರೆ ತಿಥಿ ನೆನಪಿಡುವವಳು, ಮಡಿಯಲ್ಲಿ ಅಡುಗೆ ಮಾಡುವವಳು, ಶಾಸ್ತ್ರಿಗಳಿಗೆ ಫೋನ್ ಮಾಡುವವಳು ಸೊಸೆ. ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ದುರಿಯನ್ ಮ್ಯಾಗ್ನೆಟ್ಟನ್ನು ಮೇಲೆ ಕಚ್ಚಿಸಿ ಹುಡುಕಿದೆ: ಮೇ ತಿಂಗಳ ಮೂರನೆಯ ವಾರ, ಜ್ಯೇಷ್ಠ, ಶುದ್ಧ, ಪಂಚಮಿ. ಪ್ರವಾಸಕ್ಕೆ ಮೂರು ವಾರ ಮೊದಲೇ! ದೇವರು ಕೂಡ ನನ್ನ ಚಾರ್ಟಿಗೆ ಹೊಂದಿಕೊಂಡನಲ್ಲ ಎಂದು ಬೀಗಿದೆ. ಅತ್ತೆಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ದಿನ ಹೊಂದಿಸುವುದೇ ಕಸುಬಾದವಳು ದಿನ ಯಾವುದೆಂದು ಕೇಳುವುದು ನನಗೆ ಅವಮಾನವೆನಿಸಿತ್ತು.

ಮೇ ತಿಂಗಳು ಬಂತು. ಇಲ್ಲಿಯೇ ಇರುವ ನಮ್ಮ ಶಾಸ್ತ್ರಿಗಳಿಗೆ ಫೋನ್ ಮಾಡಿ, “ಈ ಶನಿವಾರ ಮಾವನೋರದು, ನೆನಪಿದೆ ತಾನೆ?” ಎಂದೆ. ಅವರೆಂದರು: “ಅಮ್ಮಾ, ಇದು ಅಧಿಕ ಜ್ಯೇಷ್ಠ ಅಲ್ವಾ? ಅಧಿಕದಲ್ಲಿ ಮಾಡೋ ಹಾಗಿಲ್ಲ. ನಿಮ್ಮದು ನಿಜ ಜ್ಯೇಷ್ಠದಲ್ಲಿ ಬರುತ್ತೆ, ಜೂನ್ ಮೂರನೇ ವಾರ.”

ಅಡುಗೆಮನೆಗೆ ಓಡಿ ಮೇ ಹಾಳೆಯ ಮೇಲಿದ್ದ ಮ್ಯಾಗ್ನೆಟ್ಟನ್ನು ಸರಿಸಿದೆ. ಅದರ ಕೆಳಗೆ, ‘ಜ್ಯೇಷ್ಠ’ದ ಹಿಂದೆ, ಸಣ್ಣ ಕೆಂಪಕ್ಷರದಲ್ಲಿ ‘ಅಧಿಕ’ ಎಂದು ಅಚ್ಚಾಗಿತ್ತು. ದುರಿಯನ್ನಿನ ಮೇಲೆ ತಪ್ಪು ಹೊರಿಸಬಹುದಿತ್ತು, ಆದರೆ ನಿಮ್ಮೆದುರು ಸುಳ್ಳೇಕೆ? ಮ್ಯಾಗ್ನೆಟ್ ಇಲ್ಲದಿದ್ದರೂ ನಾನು ಅದನ್ನು ಓದುತ್ತಿರಲಿಲ್ಲ. ಚಾರ್ಟಿನಲ್ಲಿ ಆ ದಿನ ಎಲ್ಲಿದ್ದೇವೆಂದು ನೋಡಿದೆ. ಅದೇ ಮಠ, ನಲವತ್ತೈದು ನಿಮಿಷ.

ಬರಗಾಲದಲ್ಲಿ ಅಧಿಕ ಮಾಸ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ, ಅದು ನನ್ನ ಬಾಗಿಲಿಗೇ ಬಂದು ನಿಂತಿದ್ದು ಈಗ. ಟಿಕೆಟ್ಟಿನ ದಿನ ಬದಲಾಯಿಸಲು ಬರುತ್ತಿರಲಿಲ್ಲ. ಬಂದರೂ ಹಿಂದೆ ಶಾಲೆ, ಮುಂದೆ ಶಟ್‌ಡೌನ್. ಬಿಟ್ಟರೆ ಪ್ರವಾಸ ಬಿಡಬೇಕು, ಇಲ್ಲವೇ ಶ್ರಾದ್ಧ ಬಿಡಬೇಕು. ಅತ್ತೆಗೆ ಕೇಳಿಸಬಾರದೆಂದು ಸಂಜೆ ಪ್ರಸನ್ನನನ್ನು ಕಟ್ಟಡದ ಬುಡದ ತೆರೆದ ಜಾಗಕ್ಕೆ, ಇಲ್ಲಿನವರು ವಾಯ್ಡ್ ಡೆಕ್ ಎನ್ನುವಲ್ಲಿಗೆ, ಕರೆದುಕೊಂಡು ಹೋದೆ. ಕಂಬಗಳ ನಡುವಿನ ಕಲ್ಲುಬೆಂಚಿನಲ್ಲಿ ಚೀನೀ ಅಂಕಲ್‌ಗಳಿಬ್ಬರು ಚದುರಂಗ ಆಡುತ್ತಿದ್ದರು.

“ಈ ಶನಿವಾರವೇ ಮಾಡಿಬಿಡೋಣ ಕಣೇ,” ಎಂದ ಪ್ರಸನ್ನ. “ಅಮ್ಮ ಕೇಳಿದ್ರೆ ಶಾಸ್ತ್ರಿಗಳೇ ಓಕೆ ಅಂದ್ರು ಅಂತ ಮ್ಯಾನೇಜ್ ಮಾಡೋಣ. ಅಪ್ಪ ಏನು ಬೇಜಾರು ಮಾಡ್ಕೋತಾರಾ?”

“ಅಮ್ಮಂಗೆ ಗೊತ್ತಾದ್ರೆ?”

“ಹೇಳಿದ್ರೆ ತಾನೆ ಗೊತ್ತಾಗೋದು?”

ಆ ಮಾತು ನನ್ನನ್ನು ಎಳೆಯಲಿಲ್ಲ ಎಂದರೆ ಅದೂ ಸುಳ್ಳೇ. ಎಂಟು ವರ್ಷ ಕಾದ ತುತ್ತು, ಕೈಗೆ ಬಂದದ್ದು ಬಾಯಿಗೆ ಬರದೆ ಹೋಗುವುದೆಂದರೆ ಸಂಕಟ. ಆದರೆ ನನ್ನ ಕಸುಬಿನಲ್ಲಿ ಹೊಸ ಹುಡುಗರಿಗೆ ನಾನೇ ಮೊದಲ ದಿನ ಹೇಳಿಕೊಡುವ ಮಾತೊಂದಿದೆ: ಪ್ಲ್ಯಾನಿನಲ್ಲಿ ತಪ್ಪು ಕಂಡವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮುಂದಕ್ಕೆ ಹೋಗಬಾರದು, ಏಕೆಂದರೆ ಅದರ ಪೆಟ್ಟು ಬೀಳುವುದು ಪೈಪು ಬಿಚ್ಚಲು ಹೋದ ಇನ್ನಾರಿಗೋ. ಆರು ವರ್ಷದಿಂದ ಆ ಒಂದು ದಿನ ಅತ್ತೆ ಬೆಳಿಗ್ಗೆಯಿಂದ ನೀರೂ ಕುಡಿಯದೆ, ಕಾಗೆ ಅನ್ನ ಮುಟ್ಟುವ ತನಕ ಕಿಟಕಿಯ ಬಳಿ ನಿಂತಿರುತ್ತಿದ್ದುದು ಕಣ್ಣಿಗೆ ಕಟ್ಟಿತು. ಅವರಿಗೆ ಸುಳ್ಳು ಹೇಳಿ ನಾನು ಯಾವ ಗುಡ್ಡ ಹತ್ತಿ ಏನು ನೋಡಲಿ?

“ನಾನೇ ಹೇಳ್ತೀನಿ,” ಎಂದೆ.

ಅತ್ತೆ ಬೀನ್ಸ್ ನಾರು ತೆಗೆಯುತ್ತ ಕುಳಿತಿದ್ದರು. ಚಾರ್ಟನ್ನು ಎದುರಿಗಿಟ್ಟು, ನಡೆದುದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅತ್ತೆ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

“ಫ್ರಿಜ್ ಹತ್ರ ಹೋಗಿ ಜೂನ್ ಹಾಳೆ ತೆಗಿ,” ಎಂದರು.

ತೆಗೆದೆ. ನಿಜ ಜ್ಯೇಷ್ಠದ ಪಂಚಮಿಯ ಚೌಕದಲ್ಲಿ ಆ ಪರಿಚಿತ ಪೆನ್ಸಿಲಿನ ಅಕ್ಷರಗಳಿದ್ದವು: ‘ಇವರದು. ಇಟಲಿಯಲ್ಲಿ.’

“ಯುಗಾದಿ ದಿನ ಪಂಚಾಂಗ ನೋಡಿದಾಗಲೇ ಬರೆದಿಟ್ಟೆ,” ಎಂದರು ಅತ್ತೆ.

“ಅತ್ತೆ! ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀನು ಹೊರಡ್ತಿದ್ಯಾ? ಇಷ್ಟು ವರ್ಷದಿಂದ ಆ ಶಟ್‌ಡೌನು ಅಡ್ಡಗಾಲು ಹಾಕ್ತಾ ಬಂತು. ಈ ಸಲ ನಿಮ್ಮ ಮಾವನೋರ ಹೆಸರಲ್ಲಿ ನಾನು ಅಡ್ಡಗಾಲು ಹಾಕ್ಲಾ? ಹೊರಡೋಕೆ ನಾಲ್ಕು ದಿನ ಇದ್ದಾಗ ಹೇಳೋಣ ಅಂತಿದ್ದೆ.” ಬೀನ್ಸಿನ ತಟ್ಟೆಯನ್ನು ಪಕ್ಕಕ್ಕಿಟ್ಟು ಮುಂದುವರಿಸಿದರು. “ಮಗ ಎಲ್ಲಿರ್ತಾನೋ ಅಲ್ಲಿ ಮಾಡೋದು. ಕಾಶೀಲಿ ಮಾಡ್ತಾರೆ, ಗಯಾಲಿ ಮಾಡ್ತಾರೆ, ಇಟಲೀಲಿ ಮಾಡಿದ್ರೆ ಏನು? ಮೂವತ್ತು ವರ್ಷ ರೈಲಿನ ಗಾರ್ಡಾಗಿ ಮೈಸೂರು ಅರಸೀಕೆರೆ ಅಂತ ಅದೇ ಹಳಿ ಮೇಲೆ ಓಡಾಡಿದ್ರು. ಪಾಪ, ಅವರೂ ಒಂದು ಊರು ನೋಡ್ಲಿ ಬಿಡು.”

ಹೋದ ಜೀವ ಬಂದಂತಾಯಿತು. ನಾನು ನಗುತ್ತ, ಅಳುತ್ತ, ಮೂಗು ಒರೆಸಿಕೊಳ್ಳುತ್ತ ಅವರ ಪಕ್ಕದಲ್ಲಿ ಕುಳಿತು ಉಳಿದ ಬೀನ್ಸಿನ ನಾರು ತೆಗೆದೆ. ಶಾಸ್ತ್ರಿಗಳೂ ಕೈಬಿಡಲಿಲ್ಲ. “ದೇಶಕಾಲ ನೋಡ್ಕೊಂಡು ಮಾಡ್ಬೇಕಮ್ಮ. ಒಲೆ, ನೀರು, ಕರಿ ಎಳ್ಳು ಇದ್ರೆ ಸಾಕು. ಮಂತ್ರ ನಾನು ಫೋನಲ್ಲಿ ಹೇಳಿಸ್ತೀನಿ,” ಎಂದರು.

ಆಮೇಲೆ ಎಷ್ಟೋ ದಿನ, ಬಸ್ಸಿನಲ್ಲಿ ದ್ವೀಪಕ್ಕೆ ಹೋಗುವಾಗ, ನಾನು ಈ ಅಧಿಕ ಮಾಸದ ಬಗ್ಗೆಯೇ ಯೋಚಿಸುತ್ತಿದ್ದೆ. ಚಂದ್ರನ ಲೆಕ್ಕಕ್ಕೂ ಸೂರ್ಯನ ಲೆಕ್ಕಕ್ಕೂ ವರ್ಷಕ್ಕಿಷ್ಟು ದಿನ ಹೊಂದುವುದಿಲ್ಲ. ಹೊಂದದ ದಿನಗಳನ್ನು ಕೂಡಿಟ್ಟು, ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಇಡೀ ತಿಂಗಳನ್ನು ನಮ್ಮ ಹಿರಿಯರು ಸುಮ್ಮನೆ ನಡುವೆ ಸೇರಿಸಿಬಿಟ್ಟರು. ಆ ತಿಂಗಳಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ; ಜಪ, ದಾನ, ಅಷ್ಟೇ. ಶಟ್‌ಡೌನ್ ಪ್ಲ್ಯಾನರಾದ ನನಗೆ ಇದು ಇಷ್ಟು ತಡವಾಗಿ ಹೊಳೆಯಬೇಕೆ? ಅದು ಕಾಲಕ್ಕೇ ಇಟ್ಟ ಫ್ಲೋಟ್. ಸಾವಿರ ಕೆಲಸಗಳ ಚಾರ್ಟಿನಲ್ಲಿ ಸಡಿಲ ಬಿಡಲು ಮರೆಯದವಳು, ನನ್ನವರೊಡನೆ ಕಳೆಯುವ ಹದಿಮೂರು ದಿನಗಳಲ್ಲಿ ಒಂದು ಗಂಟೆಯ ಸಡಿಲವನ್ನೂ ಬಿಟ್ಟಿರಲಿಲ್ಲ. ಗಾದೆ ಕಟ್ಟಿದವರು ಬರಗಾಲದಲ್ಲಿ ಕಟ್ಟಿದರು, ಅವರ ಕಷ್ಟ ಅವರಿಗೆ. ನನ್ನ ಬರವೇ ಬೇರೆ, ಅದು ಬಿಡುವಿನ ಬರ, ಅದಕ್ಕೆ ಈ ಹೆಚ್ಚಿನ ತಿಂಗಳು ಒಳ್ಳೆಯದನ್ನೇ ಮಾಡಿತು. ಆ ವಾರವೇ ಎರಡು ಊರುಗಳನ್ನು ಚಾರ್ಟಿನಿಂದ ತೆಗೆದುಹಾಕಿ ಮಠದಲ್ಲಿ ಇನ್ನೂ ಎರಡು ರಾತ್ರಿ ಕೇಳಿದೆ.

ಕೇಳುವುದೆಂದರೆ ಪತ್ರ ಬರೆಯಬೇಕಿತ್ತು. ಅತಿಥಿಗಳನ್ನು ನೋಡಿಕೊಳ್ಳುವ ಸನ್ಯಾಸಿಯೊಬ್ಬರಿಗೆ ಮೊದಲು ಒಂದೆರಡು ಸಾಲಿನ ಇಮೇಲ್ ಕಳಿಸಿದ್ದೆ, ಅಷ್ಟೆ. ಈಗ ಅವರಿಗೆ ಶ್ರಾದ್ಧವೆಂದರೇನೆಂದು ಹೇಗೆ ಹೇಳಲಿ? ಮೊದಲ ಕರಡು ಕಾರ್ಖಾನೆಯ ಅನುಮತಿಪತ್ರದ ಅರ್ಜಿಯ ಹಾಗಿತ್ತು: ಬೆಂಕಿ ಎಷ್ಟು, ಹೊಗೆ ಎಷ್ಟು, ಎಷ್ಟು ಗಂಟೆಯಿಂದ ಎಷ್ಟರವರೆಗೆ. ಪ್ರಸನ್ನ ಓದಿ, “ಇದನ್ನ ಓದಿದ್ರೆ ಅವರು ಫೈರ್ ಇಂಜಿನ್ ಕರೆಸ್ತಾರೆ,” ಎಂದ. ಕೊನೆಗೆ ಅದನ್ನು ಅಳಿಸಿಹಾಕಿ ಸರಳವಾಗಿ ಬರೆದೆ. ನನ್ನ ಗಂಡನ ತಂದೆ ತೀರಿಕೊಂಡ ದಿನ ವರ್ಷಕ್ಕೊಮ್ಮೆ ಅವರಿಗೆಂದು ಅಡುಗೆ ಮಾಡುತ್ತೇವೆ, ಅವರು ಆ ದಿನ ಊಟಕ್ಕೆ ಬರುತ್ತಾರೆಂದು ನಂಬುತ್ತೇವೆ, ಈ ವರ್ಷ ಆ ದಿನ ನಾವು ನಿಮ್ಮಲ್ಲಿರುತ್ತೇವೆ, ನಿಮ್ಮ ಒಂದು ಒಲೆ ಸಿಗಬಹುದೇ?

ಹಿಂದೆ ನಿಂತಿದ್ದ ಅತ್ತೆ, “ಕಾಗೆ ಇದೆಯಾ ಕೇಳು,” ಎಂದರು.

ಅದೇ ಅವರ ದೊಡ್ಡ ಚಿಂತೆ. ಇಲ್ಲಿ ಆರು ವರ್ಷವೂ ಕಾಗೆಗೆ ಮುನ್ನ ಮೈನಾಗಳ ದಂಡೇ ಬಂದು ಪಿಂಡಕ್ಕೆ ಮುತ್ತುತ್ತಿತ್ತು. ಅತ್ತೆ ಸೆರಗು ಬೀಸಿ ಅವುಗಳನ್ನು ಓಡಿಸುತ್ತ, ಕಪ್ಪಗಿನದೊಂದು ಬರಲೆಂದು ಆಕಾಶ ನೋಡುತ್ತಿದ್ದರು. ಹೀಗೆ ನಾನು ಜೀವನದಲ್ಲಿ ಬರೆದ ಪತ್ರಗಳಲ್ಲೆಲ್ಲ ವಿಚಿತ್ರವಾದ ಆ ಪತ್ರ, ನಿಮ್ಮ ಮಠದ ಸುತ್ತ ಕಾಗೆಗಳು ಇವೆಯೇ ಎಂಬ ಪ್ರಶ್ನೆಯೊಂದಿಗೆ ಮುಗಿಯಿತು.

ಐದು ದಿನ ಉತ್ತರವಿಲ್ಲ. ಅಂಥ ಐದು ದಿನಗಳನ್ನು ನನ್ನ ವೈರಿಗೂ ಬಯಸಲಾರೆ. ಇವರೆಲ್ಲ ಯಾವ ಮಂತ್ರವಾದಿಗಳೋ ಎಂದುಕೊಂಡು ಕೋಣೆಯನ್ನೇ ರದ್ದು ಮಾಡಿಬಿಟ್ಟರೆ? ಆರನೆಯ ದಿನ ದ್ವೀಪದಿಂದ ಹಿಂದಿರುಗುವ ಬಸ್ಸಿನಲ್ಲಿ ಫೋನ್ ಮಿನುಗಿತು. ಮನೆಗೆ ಬಂದು ಎಲ್ಲರನ್ನೂ ಕೂರಿಸಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡುತ್ತ ಓದಿದೆ. ಅತಿಥಿಗಳ ಅಡುಗೆಮನೆ ಇಡೀ ದಿನ ನಿಮ್ಮದು. ತೋಟದ ಕೆಳಗೆ ಒಂದು ತೊರೆ ಹರಿಯುತ್ತದೆ. ಕಾಗೆಗಳ ವಿಷಯಕ್ಕೆ ಬಂದರೆ, ಬೇಕಾದ್ದಕ್ಕಿಂತ ಹೆಚ್ಚಿವೆ. ಗಂಟೆಗೋಪುರದಲ್ಲಿ ಸಂಸಾರ ಹೂಡಿ ನಮ್ಮ ಚೆರಿ ಹಣ್ಣುಗಳನ್ನೆಲ್ಲ ತಿಂದು ಮುಗಿಸುತ್ತವೆ, ಹೋಗುವಾಗ ನಾಲ್ಕನ್ನು ಸಿಂಗಾಪುರಕ್ಕೆ ಕರೆದೊಯ್ದರೆ ಉಪಕಾರವಾಗುತ್ತದೆ. ಪ್ರಸನ್ನ ಗೊಳ್ಳೆಂದು ನಕ್ಕ. ಅತ್ತೆ, “ಅಬ್ಬಾ, ಸದ್ಯ!” ಎಂದು ಕಣ್ಣು ಮುಚ್ಚಿ ಕೈಮುಗಿದರು.

ಕೊನೆಯಲ್ಲಿ ಇನ್ನೊಂದು ಸಾಲಿತ್ತು. ನಮ್ಮಲ್ಲೂ ತೀರಿಕೊಂಡ ಸೋದರರ ಹೆಸರುಗಳ ಪುಸ್ತಕವಿದೆ, ಆಯಾ ದಿನ ಹೋದವರ ಹೆಸರನ್ನು ಊಟದ ಮನೆಯಲ್ಲಿ ಗಟ್ಟಿಯಾಗಿ ಓದುತ್ತೇವೆ; ನಿಮಗೆ ಒಪ್ಪಿಗೆಯಿದ್ದರೆ ಆ ದಿನ ನಿಮ್ಮ ತಂದೆಯವರ ಹೆಸರನ್ನೂ ಓದುತ್ತೇವೆ, ಅದನ್ನು ಹೇಗೆ ಉಚ್ಚರಿಸಬೇಕೆಂದು ದಯವಿಟ್ಟು ತಿಳಿಸಿ.

ಈಗ ನಿಮಗೊಂದು ವಿಷಯ ಹೇಳಬೇಕು. ನಾನು ಪ್ರಸನ್ನನ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗುತ್ತೇನೆ, ಅದರಲ್ಲಿ ಎಂಟು ಸಲ ಸಿಟ್ಟಿನಿಂದ. ಅತ್ತೆ ಹಿಂದಿನವರು, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಇಲ್ಲಿಗೆ ಬಂದ ವರ್ಷ, ಇಲ್ಲಿ ಉಳಿಯಲು ಬೇಕಾದ ಪಾಸಿನ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದಾಗ ನನ್ನತ್ತ ತಿರುಗಿ, “ನಂಜನಗೂಡು ದೇವರ ಹೆಸರು ಅಂತ ಹೇಳು,” ಎಂದವರು. ಇದು ನೆನಪಿದ್ದ ಪ್ರಸನ್ನ ಫೋನ್ ಕೈಗೆತ್ತಿಕೊಂಡು, “ನಾನು ಹೇಳಿ ರೆಕಾರ್ಡ್ ಮಾಡಿ ಕಳಿಸ್ತೀನಿ,” ಎಂದ.

“ಬೇಡ, ಇಲ್ಲಿ ಕೊಡು,” ಎಂದರು ಅತ್ತೆ. “ನೀನು ಗಡಿಬಿಡೀಲಿ ಹೇಳ್ತೀಯ. ಅವರು ತಪ್ಪು ಓದಿ, ಊಟಕ್ಕೆ ಕರೆದದ್ದು ಬೇರೆ ಯಾರನ್ನೋ ಅಂತ ನಿಮ್ಮಪ್ಪ ಅಂದ್ಕೊಂಡುಬಿಟ್ರೆ?”

ಕುರ್ಚಿಯಲ್ಲಿ ನೇರವಾಗಿ ಕುಳಿತು ಸೆರಗು ಸರಿಮಾಡಿಕೊಂಡರು. ಮೇಘನಾ ಫೋನನ್ನು ಅವರ ಮುಂದೆ ಹಿಡಿದು, “ರೆಡಿನಾ ಅಜ್ಜಿ?” ಎಂದಳು. ಅತ್ತೆ ಗಂಟಲು ಸರಿಮಾಡಿಕೊಂಡರು.

“ಶ್ರೀ... ಕಂಠಯ್ಯ,” ಎಂದರು. ಆಮೇಲೆ, ಮಗುವಿಗೆ ಅಕ್ಷರ ಕಲಿಸುವಷ್ಟು ನಿಧಾನವಾಗಿ, ಮತ್ತೊಮ್ಮೆ. ಮೂರನೆಯ ಸಲ ಹೇಳುವಾಗ ಅವರ ಮುಖದಲ್ಲಿ ನಗುವಿತ್ತು. ನಲವತ್ತಾರು ವರ್ಷದ ಪ್ರಸನ್ನ, ತಾಯಿಯ ಬಾಯಲ್ಲಿ ತಂದೆಯ ಹೆಸರನ್ನು ಮೊದಲ ಸಲ ಕೇಳಿದವನು, ಎದ್ದು ಬಾಲ್ಕನಿಗೆ ಹೋದ. ನಾನು ತಡೆಯದೆ ಅತ್ತುಬಿಟ್ಟೆ.

ಜೂನ್ ಬಂತು. ಹೊರಡುವ ದಿನ ಫ್ರಿಜ್ಜಿನ ಬಾಗಿಲು ಬೋಳಾಗಿತ್ತು, ದುರಿಯನ್ ಮ್ಯಾಗ್ನೆಟ್ ಒಂದೇ ಅಲ್ಲಿ ಅಂಟಿಕೊಂಡಿತ್ತು. ಕ್ಯಾಲೆಂಡರ್ ಎಲ್ಲಿ ಎಂದು ಹುಡುಕಿದರೆ, ಅತ್ತೆಯ ಸೂಟ್‌ಕೇಸಿನಲ್ಲಿ, ಚಟ್ನಿಪುಡಿಗೂ ಹಪ್ಪಳಕ್ಕೂ ನಡುವೆ, ಮೈಸೂರಿನಿಂದ ಬಂದಾಗಿನಂತೆಯೇ ಸುರುಳಿ ಸುತ್ತಿಕೊಂಡು ಮಲಗಿತ್ತು. “ಅಲ್ಲಿ ತಿಥಿ ಯಾರನ್ನ ಕೇಳೋದು?” ಎಂದರು ಅವರು. ಬಿಚ್ಚಿ ಜೂನ್ ಹಾಳೆಯನ್ನು ನೋಡಿದೆ. ಆ ಚೌಕದಲ್ಲಿ ‘ಇವರದು’ ಎಂಬುದನ್ನು ರಬ್ಬರಿನಿಂದ ಅಳಿಸಿ, ಅದೇ ಪೆನ್ಸಿಲಿನಲ್ಲಿ ಅತ್ತೆ ಬರೆದಿದ್ದರು: ‘ಶ್ರೀಕಂಠಯ್ಯನವರ ಊಟ. ಇಟಲಿಯಲ್ಲಿ.’